ಅಪ್ಪನ ಐಪಿ ಕಡತ

ಮದುವೆಗೆ ಹಾಲ್ ಗೊತ್ತುಮಾಡಿ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟು, ಲಗ್ನಪತ್ರಿಕೆಯ ಕರಡು ಕೈಗೆ ಬಂದ ಮೇಲೆ ಅಪ್ಪ ಬಾಯಿ ಬಿಟ್ಟ. ಧಾರೆ ತಾನು ಎರೆಯುವುದಿಲ್ಲವಂತೆ. ಚಿಕ್ಕಪ್ಪನ ಮಗ, ಅವನ ಹೆಂಡತಿ ಕೂತು ಎರೆದುಕೊಡಲಿ ಅಂದ. ಆ ಚಿಕ್ಕಪ್ಪನ ಮಗ ನನಗಿಂತ ಎಷ್ಟೋ ಚಿಕ್ಕವನು. ಅವನ ಮೂಗು ಒರೆಸಿ, ಚಡ್ಡಿಗೆ ಗುಂಡಿ ಹಾಕಿ ಶಾಲೆಗೆ ಬಿಟ್ಟು ಬರುತ್ತಿದ್ದವಳು ನಾನು. ನಲವತ್ತು ದಾಟಿದ ಹೆಂಗಸು ಮೊದಲ ಸಲ ಮದುವೆಯಾಗುವುದೇ ನೆಂಟರ ಬಾಯಿಗೆ ಸಿಕ್ಕ ವಿಷಯ. ಅದರ ಮೇಲೆ ಬದುಕಿರುವ ಅಪ್ಪ ಪಕ್ಕಕ್ಕೆ ನಿಂತು, ಅವನೆದುರಿಗೇ ಆ ಹುಡುಗ ನನ್ನನ್ನು ದಾನ ಕೊಡುವುದು ಅಂದರೆ ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಅಂತ ಯಾರೂ ಕೇಳಲಿಲ್ಲ. ಅಮ್ಮ ತಲೆ ಎತ್ತದೆ ಸೊಪ್ಪು ಬಿಡಿಸುತ್ತಲೇ ಇದ್ದಳು. ಕಾರಣ ನಮ್ಮ ಮನೆಯ ಗೋಡೆಗಳಿಗೂ ಗೊತ್ತಿತ್ತು. ಅಪ್ಪ ಐಪಿ ಹಾಕಿದವನು.

ಐಪಿ ಹಾಕುವುದು ಅಂದರೆ ದಿವಾಳಿ ಅರ್ಜಿ ಹಾಕುವುದು. ಇನ್ನು ನನ್ನ ಕೈಲಿ ಸಾಲ ತೀರಿಸಲು ಆಗುವುದಿಲ್ಲ, ಇದ್ದಬದ್ದದ್ದನ್ನೆಲ್ಲ ನೀವೇ ತೆಗೆದುಕೊಂಡು ಹಂಚಿಬಿಡಿ ಅಂತ ಕೋರ್ಟಿಗೆ ಬರೆದುಕೊಟ್ಟು ನಿಂತುಬಿಡುವುದು. ಚಿಕ್ಕಜಾಲದ ಆಚೆ, ನಮ್ಮ ಊರಿನಲ್ಲಿ, ಅಪ್ಪನದೊಂದು ಶಾಮಿಯಾನ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ತಿಥಿ, ನಾಮಕರಣ ಏನೇ ಆದರೂ ಚಪ್ಪರ, ಕುರ್ಚಿ, ಹಂಡೆ, ಕೊಪ್ಪರಿಗೆ, ಸೀರಿಯಲ್ ಸೆಟ್ ದೀಪ ಎಲ್ಲ ನಮ್ಮದೇ. ಸಾಲ ಮಾಡಿ ಜನರೇಟರ್ ತಂದ ವರ್ಷವೇ ಗೋಡೌನಿಗೆ ಬೆಂಕಿ ಬಿತ್ತು. ಆಗ ನಾನು ಏಳನೇ ಕ್ಲಾಸು. ಬೆಂಕಿಗಿಂತ ನನಗೆ ನೆನಪಿರುವುದು ಮರುದಿನದ ವಾಸನೆ. ಸುಟ್ಟ ಬಟ್ಟೆಯ ವಾಸನೆ ನಮ್ಮ ತಲೆಕೂದಲಿನಿಂದ ವಾರಗಟ್ಟಲೆ ಹೋಗಲಿಲ್ಲ. ಬಾಗಿಲಿಗೆ ಜನ ಬರತೊಡಗಿದಾಗ ಯಾರೋ ಒಬ್ಬ ವಕೀಲರನ್ನು ತೋರಿಸಿದರು. ಅವರು ಅಪ್ಪನ ಕೈಲಿ ಐಪಿ ಹಾಕಿಸಿದರು. ಉಳಿದಿದ್ದ ಪಾತ್ರೆ ಕುರ್ಚಿಗಳನ್ನು ಪಕ್ಕದೂರಿನವನೊಬ್ಬ ಹರಾಜಿನಲ್ಲಿ ಹಿಡಿದ. ಅಮ್ಮನ ತವರಿನವರು ಅವಳ ಹೆಸರಿಗೆ ಮಾಡಿಕೊಟ್ಟಿದ್ದ ಪುಟ್ಟೇನಹಳ್ಳಿಯ ಈ ಮನೆಗೆ ನಾವು ಬಂದೆವು.

ಕೋರ್ಟಿನಲ್ಲಿ ಆರ್ಡರ್ ಆದ ದಿನ ವಕೀಲರು ಅಪ್ಪನಿಗೆ ಒಂದು ಮಾತು ಹೇಳಿ ಕಳಿಸಿದ್ದರು. ಇನ್ನು ಮೇಲೆ ನಿನ್ನ ಕೈಯಾರೆ ಯಾರಿಗೆ ಏನು ಕೊಟ್ಟರೂ ಅದು ನಿಲ್ಲುವುದಿಲ್ಲ, ಕೋರ್ಟು ಅದನ್ನು ಕೊಟ್ಟ ಹಾಗೇ ಅಲ್ಲ ಅನ್ನುತ್ತದೆ. ಅವರು ಹೇಳಿದ್ದು ಜಮೀನು, ಮನೆ, ಒಡವೆಯ ವಿಷಯ. ಸಾಲ ಕೊಟ್ಟವರಿಗೆ ಸಿಗದ ಹಾಗೆ ಹೆಂಡತಿ ಮಕ್ಕಳಿಗೆ ದಾನಪತ್ರ ಬರೆದು ಬಚಾವಾಗುವವರ ವಿಷಯ. ಅಪ್ಪ ಆ ಮಾತನ್ನು ಇಡಿಯಾಗಿ ನುಂಗಿಕೊಂಡು ಮನೆಗೆ ಬಂದ.

ಅವತ್ತಿನಿಂದ ಅಪ್ಪ ತನ್ನ ಕೈಯಿಂದ ಯಾರಿಗೂ ಏನೂ ಕೊಡಲಿಲ್ಲ. ಸಂಕ್ರಾಂತಿಗೆ ಮನೆಗೆ ಬಂದವರಿಗೆ ಎಳ್ಳುಬೆಲ್ಲದ ತಟ್ಟೆ ಅಮ್ಮನೇ ಒಡ್ಡಬೇಕು. ಮದುವೆಗೆ ಹೋದರೆ ಮುಯ್ಯಿಯ ಕವರಿನ ಮೇಲೆ ಅಮ್ಮನ ಹೆಸರು. ಬಾಗಿಲಿಗೆ ಭಿಕ್ಷೆಯವರು ಬಂದರೆ ಚಿಲ್ಲರೆಯನ್ನು ನನ್ನ ಕೈಗೆ ಹಾಕಿ, ನೀನು ಕೊಡು ಅನ್ನುತ್ತಿದ್ದ. ಚಿಕ್ಕವಳಿಗೆ ಅದು ಆಟದ ಹಾಗಿತ್ತು. ನನ್ನ ಕೈಯಿಂದ ಬಿದ್ದ ನಾಣ್ಯಕ್ಕೆ ಬೆಲೆ ಇದೆ, ಅಪ್ಪನ ಕೈಯಿಂದ ಬಿದ್ದದ್ದಕ್ಕೆ ಇಲ್ಲ ಅನ್ನುವುದು ಅರ್ಥವಾಗುವ ಹೊತ್ತಿಗೆ ನಾನು ಹೈಸ್ಕೂಲು ಮುಗಿಸಿದ್ದೆ.

ಅಕ್ಕನ ಮದುವೆ ಆದದ್ದು ಅದೇ ಹೊತ್ತಿಗೆ. ಅಪ್ಪ ಧಾರೆಗೆ ಕೂರಲಿಲ್ಲ. ನಾನು ಕೊಟ್ಟರೆ ಅದು ಕೊಟ್ಟ ಹಾಗಲ್ಲ, ಮಗಳ ಮದುವೆ ಉಳಿಯದೆ ಹೋದೀತು ಅಂದ. ಆಗ ಇದ್ದ ಚಿಕ್ಕಪ್ಪ, ಚಿಕ್ಕಮ್ಮ ಕೂತು ಎರೆದುಕೊಟ್ಟರು. ಅಮ್ಮ ಮಂಟಪದ ಕಂಬ ಹಿಡಿದು ನಿಂತಿದ್ದಳು. ಅಪ್ಪ ಹಿಂದುಗಡೆ ಅಡುಗೆ ಚಪ್ಪರದಲ್ಲಿ ಕೊಪ್ಪರಿಗೆ, ಸೌಟು, ಜಾಲರಿಗಳ ಲೆಕ್ಕ ನೋಡುತ್ತಿದ್ದ. ಬಾಡಿಗೆಗೆ ತಂದಿದ್ದ ಆ ಪಾತ್ರೆಗಳಲ್ಲಿ ಕೆಲವಕ್ಕೆ ಇನ್ನೂ ಅಪ್ಪನ ಹೆಸರೇ ಕೊರೆದಿತ್ತು. ಗಟ್ಟಿಮೇಳ ಆಗುವಾಗ ಅಕ್ಕ ತಲೆ ತಿರುಗಿಸಿ ಜನರ ಮಧ್ಯೆ ಹುಡುಕಿದ್ದು ನನಗೆ ಕಂಡಿತು. ಅವಳು ಅಪ್ಪನನ್ನು ಅದರ ಬಗ್ಗೆ ಯಾವತ್ತೂ ಏನೂ ಕೇಳಲಿಲ್ಲ. ಹಬ್ಬಕ್ಕೆ ಬರುತ್ತಾಳೆ, ಊಟ ಮಾಡುತ್ತಾಳೆ, ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಿಡುತ್ತಾಳೆ.

ನನಗೆ ಅಕ್ಕನಷ್ಟು ತಾಳ್ಮೆ ಇಲ್ಲ. ಆರ್.ಟಿ. ನಗರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ಟೆಸ್ಟ್ ಮಾಡುವುದು ನನ್ನ ಕೆಲಸ. ಈ ಲೆನ್ಸೋ ಆ ಲೆನ್ಸೋ ಅಂತ ದಿನವಿಡೀ ಕೇಳಿ ಕೇಳಿ, ಯಾವುದಾದರೂ ಒಂದು ಹೇಳಿ ಮುಗಿಸಿ ಅನ್ನುವ ಸ್ವಭಾವ ಬಂದುಬಿಟ್ಟಿದೆ. ಅಂಗಡಿಗೆ ಬರುವ ವಕೀಲರೊಬ್ಬರನ್ನು ಕೇಳಿದೆ. ಅವರು ನಕ್ಕು, ದಿವಾಳಿಗೂ ಧಾರೆಗೂ ಏನಮ್ಮ ಸಂಬಂಧ ಅಂದರು. ಅದನ್ನೇ ಬಂದು ಅಪ್ಪನಿಗೆ ಒಪ್ಪಿಸಿದೆ.

"ವಕೀಲ್ರು ನಗ್ತಾರೆ ಕಣವ್ವ," ಅಂದ ಅಪ್ಪ. "ಅವತ್ತಿನ್ ವಕೀಲ್ರೂ ನಗ್ತಾನೇ ಏಳಿದ್ರು. ಕೋರ್ಟ್‌ನೋರು ಬರ್ದಿರೋದು ಅದು. ಅವ್ರೇ ಅಳಿಸ್ದೆ ನಾನೆಂಗವ್ವ ಎರೀಲಿ? ನಿಂಗೇನಾದ್ರೂ ಆದ್ರೆ?"

ಅವನು ಹಟ ಮಾಡುತ್ತಿಲ್ಲ, ಹೆದರಿದ್ದಾನೆ ಅಂತ ನನಗೆ ಗೊತ್ತಾಯಿತು. ಹಟವಾಗಿದ್ದರೆ ನಾನು ಇನ್ನೊಂದು ಹಟ ಮಾಡಿ ಗೆಲ್ಲುತ್ತಿದ್ದೆ.

ನನ್ನನ್ನು ಮದುವೆಯಾಗುವವರು ಕೆಂಪಾಪುರದವರು, ನೀರಿನ ಫಿಲ್ಟರ್ ರಿಪೇರಿ ಕೆಲಸದವರು, ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವರು ಸಮಾಧಾನದ ಮನುಷ್ಯ. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದರೆ ಸಾಕಲ್ಲವಾ, ಧಾರೆ ಯಾರು ಎರೆದರೇನು ಅಂದರು. ಅವರ ಮೇಲೂ ರೇಗಿದೆ. ನನಗೆ ಬೇಕಾಗಿದ್ದದ್ದು ಶಾಸ್ತ್ರವಲ್ಲ. ಅಪ್ಪ ನನ್ನ ಕೈಯನ್ನು ಇನ್ನೊಬ್ಬರ ಕೈಯ ಮೇಲಿಡುವಾಗ ತನ್ನ ಕೈಗೂ ಒಂದು ಬೆಲೆ ಇದೆ ಅಂತ ಅವನಿಗೆ ಅನ್ನಿಸಬೇಕಿತ್ತು. ಅಕ್ಕನ ಮದುವೆಯಲ್ಲಿ ಆದ ಹಾಗೆ ನನ್ನದರಲ್ಲಿ ಆಗಬಾರದಿತ್ತು. ಅಷ್ಟೇ. ಕೋರ್ಟಿನವರೇ ಅಳಿಸಬೇಕು ತಾನೇ, ಅಳಿಸಿದ್ದಾರೋ ಇಲ್ಲವೋ ನೋಡೇ ಬಿಡೋಣ ಅಂತ ಹೊರಟೆ.

ಹೊರಡುವುದು ಸುಲಭ. ಫೋನಿನಲ್ಲಿ ಹುಡುಕಿದರೆ ಈಚಿನ ಕೇಸುಗಳು ಮಾತ್ರ ಸಿಗುತ್ತವೆ. ಸಿಟಿಯ ಕೋರ್ಟಿಗೆ ರಜೆ ಹಾಕಿ ಹೋದೆ. ಪುಟ್ಟೇನಹಳ್ಳಿ ಅಂದಾಗ ತಲೆಯಾಡಿಸಿದವರು, ಅರ್ಜಿ ಹಾಕಿದಾಗ ಎಲ್ಲಿದ್ದಿರಿ ಅಂತ ಕೇಳಿ, ಹಾಗಾದರೆ ಅದು ಗ್ರಾಮಾಂತರ ಜಿಲ್ಲೆ, ಇಲ್ಲಿ ಸಿಗುವುದಿಲ್ಲ ಅಂದರು. ನಾವಿದ್ದ ಊರಿನ ಹೊಲಗಳ ಮೇಲೆ ಈಗ ಅಪಾರ್ಟ್‌ಮೆಂಟ್ ಎದ್ದು, ಸಿಟಿ ಬಸ್ಸು ಓಡಾಡುತ್ತಿದೆ. ಅಪ್ಪನ ದಿವಾಳಿ ಮಾತ್ರ ಹಳ್ಳಿಯಲ್ಲೇ ಉಳಿದಿತ್ತು. ಗ್ರಾಮಾಂತರದ ತಾಲ್ಲೂಕು ಕೋರ್ಟಿಗೆ ಹೋದರೆ ಕೇಸ್ ನಂಬರ್ ಏನು, ಯಾವ ವರ್ಷ ಅಂದರು. ನಂಬರ್ ಗೊತ್ತಿಲ್ಲ, ಬೆಂಕಿ ಬಿದ್ದು ಎಷ್ಟು ದಿನಕ್ಕೆ ಅರ್ಜಿ ಹಾಕಿದ್ದೋ ಅದೂ ಗೊತ್ತಿಲ್ಲ ಅಂದೆ. ವರ್ಷ ತಿಂಗಳಾದರೂ ಬೇಕಮ್ಮ, ಅಷ್ಟೂ ರಿಜಿಸ್ಟರ್ ಇಳಿಸಿ ಯಾರು ನೋಡುತ್ತಾರೆ ಅಂದರು. ದಸರೆಗೆ ಕೋರ್ಟು ಮುಚ್ಚುವುದಕ್ಕೆ ಹೆಚ್ಚು ದಿನ ಇರಲಿಲ್ಲ. ನನ್ನ ಮದುವೆ ದೀಪಾವಳಿ ಕಳೆದ ಮೇಲಿನ ಮೊದಲ ಲಗ್ನಕ್ಕೆ.

ಅಪ್ಪನನ್ನು ಕೇಳಿದರೆ ಅವನಿಗೆ ಏನೂ ನೆನಪಿಲ್ಲ. ಅಥವಾ ನೆನಪಿಟ್ಟುಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಆರ್ಡರ್ ಆದ ಮೇಲೆ ಬಂದು ನೋಡು ಅಂತ ವಕೀಲರು ಎರಡು ಮೂರು ಸಲ ಹೇಳಿ ಕಳಿಸಿದ್ದರಂತೆ. ಅವರ ಫೀಸು ಬಾಕಿಯಿತ್ತು, ಯಾವ ಮುಖ ಹೊತ್ತು ಹೋಗಲಿ ಅಂತ ಅಪ್ಪ ಹೋಗಲೇ ಇಲ್ಲ. ಅವರ ಮನೆ ಮುಂದೆ ಹಾಯುವ ಬಸ್ಸು ಬಿಟ್ಟು ಸುತ್ತಿಕೊಂಡು ಓಡಾಡುತ್ತಿದ್ದನಂತೆ. ಆ ವಕೀಲರು ಈಗಿಲ್ಲ. ಅವರ ಮನೆ ಇದ್ದ ಕಡೆ ಜಿಮ್ ಆಗಿದೆ.

ಇನ್ನೊಂದೇ ದಾರಿ ಉಳಿದಿತ್ತು. ಸಾಲ ಕೊಟ್ಟವರಿಗೆ ನೆನಪಿರುತ್ತದೆ. ಯಲಹಂಕದ ಹಳೇ ಊರಿನಲ್ಲಿ ಮರದ ಅಡ್ಡೆ ಇಟ್ಟಿದ್ದವರೊಬ್ಬರು ಅಪ್ಪನಿಗೆ ಚಪ್ಪರದ ಸರ್ವೆ ಗಳ, ಬಿದಿರು ಎಲ್ಲ ಉದ್ರಿಗೆ ಕೊಡುತ್ತಿದ್ದರು. ಅವರ ಹತ್ತಿರ ಹೋಗುತ್ತೇನೆ ಅಂದಾಗ ಅಮ್ಮ ಮೊದಲ ಸಲ ಬಾಯಿ ಬಿಟ್ಟಳು.

"ಬ್ಯಾಡ ಕಣೆ. ಅವ್ರು ಮರ್ತು ಸುಮ್ನವ್ರೆ. ನೀನೋಗಿ ಗ್ಯಾಪ್ಕ ಮಾಡಿ, ಮದ್ವೆ ದಿನ ಬಂದು ಚಪ್ಪರದಾಗೆ ನಿಂತ್ಕೊಂಡ್ರೆ? ನಿಮ್ಮಪ್ಪ ಉಳಿಯಲ್ಲ."

ಅಂಗಡಿಯಲ್ಲಿ ಯಾರದೋ ಕಣ್ಣಿಗೆ ಟಾರ್ಚು ಹಿಡಿದಿರುವಾಗ, ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಅಲ್ಲಾಡದೆ ನಿಂತಿರುವಾಗ, ಮದುವೆಯ ಜನರ ಮಧ್ಯೆ ಒಬ್ಬ ಮುದುಕ ಎದ್ದು ನಿಂತು ಅಪ್ಪನ ಹೆಸರು ಕೂಗುವುದು ಕಾಣುತ್ತಿತ್ತು. ಎರಡು ಸಲ ಮರದ ಅಡ್ಡೆಯ ಗೇಟಿನವರೆಗೂ ಹೋಗಿ ವಾಪಸ್ಸು ಬಂದೆ. ಮೂರನೇ ಸಲ ಗೇಟಿನಲ್ಲಿ ಅವರೇ ಕುರ್ಚಿ ಹಾಕಿಕೊಂಡು ಕೂತಿದ್ದರು, ತಪ್ಪಿಸಿಕೊಳ್ಳಲು ಆಗಲಿಲ್ಲ.

ಯಾರ ಮಗಳು ಅಂತ ಹೇಳಿದೆ. ಅವರು ಅಪ್ಪ ಇದ್ದಾನಾ ಅಂತ ಕೇಳಿದರು, ಕಾಫಿ ತರಿಸಿದರು. ನಾನು ಬಂದ ವಿಷಯ ಹೇಳುವಾಗ ನನ್ನ ಮಾತು ತೊದಲುತ್ತಿತ್ತು. ಮದುವೆ ಯಾವತ್ತು, ಎಲ್ಲಿ ಅನ್ನುವುದನ್ನು ಮಾತ್ರ ಜಾಣತನದಿಂದ ಮುಚ್ಚಿಟ್ಟೆ. ಅವರು ಅದನ್ನು ಕೇಳಲೂ ಇಲ್ಲ. ಕೇಸಿನ ಕಾಗದ ಎಲ್ಲ ಗೆದ್ದಲು ತಿಂದಿದೆ ಅಂದರು. ಆದರೆ ಆ ದಿನ ಚೆನ್ನಾಗಿ ನೆನಪಿದೆ ಅಂದರು. ಅವರ ಮೊದಲ ಮೊಮ್ಮಗನ ನಾಮಕರಣದ ದಿನ ಅದು. ಸಾಲ ಕೊಟ್ಟವರೆಲ್ಲ ಬರಬೇಕು ಅಂತ ನೋಟೀಸು ಬಂದು, ಮನೆ ತುಂಬ ನೆಂಟರನ್ನು ಬಿಟ್ಟು ಕೋರ್ಟಿನ ಬೆಂಚಿನ ಮೇಲೆ ಸಂಜೆವರೆಗೂ ಕೂತಿದ್ದರಂತೆ. ಒಬ್ಬಟ್ಟು ತಣ್ಣಗಾದ ಮೇಲೆ ಮನೆಗೆ ಹೋದದ್ದಕ್ಕೆ ಅವರ ಹೆಂಡತಿ ಈಗಲೂ ಅಂದು ಆಡುತ್ತಾರಂತೆ. ಒಳಗೆ ಕೂಗಿ ಸೊಸೆಯನ್ನು ಕೇಳಿ ಮೊಮ್ಮಗ ಹುಟ್ಟಿದ ವರ್ಷ, ತಿಂಗಳು ಹೇಳಿದರು.

ನಾನು ಎದ್ದು ನಿಂತ ಮೇಲೂ ಅಮ್ಮನ ಭಯ ಬಿಡಲಿಲ್ಲ. ಆಮೇಲೆ ನೀವು ಕೋರ್ಟಿಗೆ ಹೋಗಿ ವಿಚಾರಿಸಲಿಲ್ಲವಾ ಅಂತ ಕೇಳಿಯೇಬಿಟ್ಟೆ.

"ಐಪಿ ಆಕ್ದೋನ್ ತಾವ ಏನ್ ಕೇಳದವ್ವ," ಅಂದರು. "ಅಲ್ಲಿಗೆ ಮುಗೀತಲ್ಲ. ನಂದೂ ಮುಗೀತು, ನಿಮ್ಮಪ್ಪಂದೂ ಮುಗೀತು."

ಆ ವರ್ಷ, ತಿಂಗಳು ಹಿಡಿದು ಕೋರ್ಟಿಗೆ ಹೊರಟ ದಿನ ಅಕ್ಕನನ್ನು ಕರೆದೆ. ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಅಕ್ಕ ಯಶವಂತಪುರದ ಈರುಳ್ಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಅರ್ಧ ದಿನ ರಜೆ ಕೇಳಿ ಬಂದಳು. ಬಸ್ಸಿನಲ್ಲಿ ನಾನು ಒಂದೇ ಸಮ ಮಾತಾಡಿದೆ. ಇನ್ನೂ ದಿವಾಳಿ ಅಂತಲೇ ಇದ್ದರೆ ಏನು ಮಾಡುವುದು, ರಿಜಿಸ್ಟರೇ ಇಲ್ಲದಿದ್ದರೆ ಏನು ಮಾಡುವುದು. ಅವಳು ಕಿಟಕಿಯಾಚೆ ನೋಡುತ್ತಾ, ಹೋಗಿ ನೋಡೋಣ ಬಾರೆ ಅಂದಳು. ಅವಳಿಗೆ ಈ ವಿಷಯ ಬೇಕಾಗಿಲ್ಲವೇನೋ ಅಂತ ನನಗೆ ಸಿಟ್ಟೂ ಬಂತು.

ರೆಕಾರ್ಡ್ ರೂಮಿನ ಗುಮಾಸ್ತ ಊಟಕ್ಕೆ ಹೋಗಿದ್ದ. ಹೊರಗಿನ ಕಲ್ಲು ಬೆಂಚಿನ ಮೇಲೆ ಕಾದೆವು. ಬಂದವನು ಅರ್ಜಿ ನೋಡಿ, ಇಷ್ಟು ಹಳೇ ಕಡತವನ್ನೆಲ್ಲ ನಿಯಮದ ಪ್ರಕಾರ ನಾಶ ಮಾಡಿರುತ್ತಾರೆ ಅಂದ. ಅಕ್ಕ ಮೆಲ್ಲಗೆ, ಕಡತ ಬೇಡ, ರಿಜಿಸ್ಟರ್ ಇರುತ್ತಲ್ಲ, ಅದರಲ್ಲಿ ನೋಡಿ ಅಂದಳು. ಅವನು ಗೊಣಗುತ್ತಾ ಒಳಗೆ ಹೋದ. ಏನೋ ಬಿದ್ದ ಸದ್ದು, ಕೆಮ್ಮು. ಅವನು ಬರಿಗೈಲಿ ಬರುತ್ತಾನೆ ಅಂತಲೇ ನಾನು ನಂಬಿಬಿಟ್ಟಿದ್ದೆ. ಹೆದರಿಕೆಗೆ ಅಕ್ಕನ ಸೆರಗು ಹಿಡಿದುಕೊಂಡಿದ್ದೇನೆ ಅಂತ ಅವಳು ಬಿಡಿಸಿಕೊಂಡಾಗಲೇ ನನಗೆ ಗೊತ್ತಾದದ್ದು.

ರಿಜಿಸ್ಟರ್ ಬಂತು. ಬೆನ್ನು ಕಿತ್ತುಹೋದ, ಟವೆಲಿನಲ್ಲಿ ಸುತ್ತಿದ ಪುಸ್ತಕ. ಅಪ್ಪನ ಹೆಸರು, ತಾತನ ಹೆಸರು, ಊರು, ಶಾಮಿಯಾನ ಅಂಗಡಿ ಮಾಲೀಕ ಅಂತ ಕಸುಬು. ದಿವಾಳಿ ಎಂದು ಘೋಷಿಸಿದೆ ಅಂತ ಒಂದು ಸಾಲು. ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಇನ್ನೊಂದು. ಗುಮಾಸ್ತ ಓದಿ ಹೇಳಿದ: ಬಿಡುಗಡೆ ಕೋರಿ ಅರ್ಜಿದಾರ ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸದ ಕಾರಣ ದಿವಾಳಿ ಆದೇಶ ರದ್ದುಪಡಿಸಿದೆ.

ನನಗೆ ರದ್ದು ಅನ್ನುವುದೊಂದೇ ಕೇಳಿಸಿತು. ಅಳು, ನಗು ಎರಡೂ ಒಟ್ಟಿಗೆ ಬಂತು. ಬಾಗಿಲ ಬಳಿ ಅರ್ಜಿ ಟೈಪ್ ಮಾಡಿಕೊಟ್ಟಿದ್ದ ವಕೀಲರ ಹತ್ತಿರ ಓಡಿಹೋಗಿ ಕೇಳಿದೆ. ಅವರು ಬಿಡಿಸಿ ಹೇಳಿದರು. ದಿವಾಳಿ ಅಂದ ಮೇಲೆ ಇಷ್ಟು ಸಮಯದೊಳಗೆ ಬಂದು ನನ್ನನ್ನು ಬಿಡುಗಡೆ ಮಾಡಿ ಅಂತ ಕೇಳಿಕೊಳ್ಳಬೇಕು. ನಿಮ್ಮ ತಂದೆ ಬರಲೇ ಇಲ್ಲ. ಬರದಿದ್ದರೆ ಆ ಆದೇಶವೇ ಬಿದ್ದುಹೋಗುತ್ತದೆ. ಸಾಲ ಕೊಟ್ಟವರು ಆಗ ಬಂದು ಕೇಳಬಹುದಿತ್ತು, ಅವರೂ ಬರಲಿಲ್ಲ. ಈಗ ಅದೆಲ್ಲ ಅವಧಿ ಮೀರಿ ಸತ್ತುಹೋದ ವಿಷಯ. ನಿಮ್ಮ ತಂದೆ ಎಲ್ಲರ ಹಾಗೇ ಇದ್ದಾರೆ, ಆವತ್ತಿನಿಂದಲೂ ಹಾಗೇ ಇದ್ದಾರೆ ಅಂದರು.

ಆವತ್ತಿನಿಂದಲೂ ಅಂದರೆ ಯಾವತ್ತಿನಿಂದ ಅಂತ ನಾನು ಯೋಚಿಸಲಿಲ್ಲ. ತಿರುಗಿ ಬಂದಾಗ ಅಕ್ಕ ರಿಜಿಸ್ಟರಿನ ಮುಂದೆಯೇ ನಿಂತಿದ್ದಳು. ಅವಳ ಬೆರಳು ಕೆಂಪು ಶಾಯಿಯ ಕೆಳಗಿನ ತಾರೀಖಿನ ಮೇಲಿತ್ತು. ಲೆಕ್ಕದವಳು, ಅವಳಿಗೆ ಹೊತ್ತು ಬೇಕಾಗಲಿಲ್ಲ. ಆ ಆದೇಶ ರದ್ದಾಗಿ ಎರಡು ವರ್ಷ ಕಳೆದ ಮೇಲೆ ಅವಳ ಮದುವೆ ಆಗಿತ್ತು.

ಅವಳು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ನಾನು ಹಿಂದೆಯೇ ಹೋಗಿ ನಿಂತೆ. ನನ್ನ ಸಂತೋಷಕ್ಕಾಗಿ ಅವಳ ಹಳೇ ಗಾಯವನ್ನು ಕಿತ್ತಿದ್ದೆ. ಈ ಕಾಗದ ಅಪ್ಪನಿಗೆ ತೋರಿಸಿದರೆ ಅವನಿಗೂ ಅದೇ ಗತಿ. ತೋರಿಸದಿದ್ದರೆ ನನಗೆ ಧಾರೆ ಇಲ್ಲ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ನಾನು ಅಪ್ಪನ್ನ ಇಷ್ಟು ವರ್ಷ ಪಾಪ ಅಂದ್ಕೊಂಡು ಸುಮ್ನಿದ್ದೆ ಕಣೆ," ಅಂದಳು. "ಕೋರ್ಟು ಕಟ್ ಹಾಕಿದೆ, ಅವನೇನ್ ಮಾಡ್ತಾನೆ ಅಂತ. ಯಾರೂ ಕಟ್ ಹಾಕಿರ್ಲಿಲ್ವಲ್ಲೇ."

ತೋರಿಸುವುದು ಬೇಡವಾ ಅಂತ ಕೇಳಿದೆ. ಬೇಡ ಅಂದುಬಿಟ್ಟರೆ ಅನ್ನುವ ಹೆದರಿಕೆ ಇತ್ತು. ಅವಳು ಅಂದದ್ದು ಇಷ್ಟೇ: ತೋರಿಸು, ನಾನೂ ಬರುತ್ತೇನೆ.

ದಸರಾ ರಜೆ ಮುಗಿದು, ಸೀಲು ಹಾಕಿದ ನಕಲು ಕೈಗೆ ಬರುವಷ್ಟರಲ್ಲಿ ಪತ್ರಿಕೆ ಹಂಚಲು ಶುರುವಾಗಿತ್ತು. ಆ ದಿನಗಳಲ್ಲಿ ನಾನು ಅನ್ನ ಸರಿಯಾಗಿ ತಿಂದಿದ್ದು ನೆನಪಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಅಪ್ಪ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ನಾನೇ ಮಾಡಿಸಿಕೊಟ್ಟಿದ್ದ ಕನ್ನಡಕ ತಂದು ಅವನ ಕಿವಿಗೆ ಸಿಕ್ಕಿಸಿ ಕಾಗದ ಕೊಟ್ಟೆ. ಅಪ್ಪ ತುಟಿ ಅಲ್ಲಾಡಿಸುತ್ತಾ ಓದಿದ. ರದ್ದು ಅನ್ನುವಲ್ಲಿಗೆ ಬಂದಾಗ ನನ್ನ ಕಡೆ ನೋಡಿದ, ಹೌದಾ ಅನ್ನುವ ಹಾಗೆ. ನಾನು ತಲೆಯಾಡಿಸಿದೆ. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಒಂದು ಕ್ಷಣ ಅವನ ಮುಖದಲ್ಲಿ ನಾನು ಯಾವತ್ತೂ ಕಾಣದ ಕಳೆ ಬಂತು. ಆಮೇಲೆ ಅವನು ಕಾಗದವನ್ನು ಹತ್ತಿರ ಹಿಡಿದು ತಾರೀಖು ಓದಿದ. ಮತ್ತೊಂದು ಸಲ ಓದಿದ. ಕನ್ನಡಕ ತೆಗೆದ.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಅಪ್ಪ ಅವಳ ಕಡೆ ತಿರುಗಿದ.

"ಒಂದ್ ಕಿತ ಓಗಿ ಕೇಳ್ಬೇಕಾಗಿತ್ತು ಕಣವ್ವ."

"ಕೇಳ್ಬೇಕಾಗಿತ್ತು ಅಪ್ಪ," ಅಂದಳು ಅಕ್ಕ.

ಹೋಗಲಿ ಬಿಡು ಅಂತ ಅವಳು ಹೇಳುತ್ತಾಳೆ ಅಂದುಕೊಂಡಿದ್ದೆ. ಹೇಳಲಿಲ್ಲ. ಅವಳು ಎದ್ದು ಅಪ್ಪನ ಪಕ್ಕ ಬಂದು ಕೂತು ಅವರೆಕಾಯಿ ಸುಲಿಯತೊಡಗಿದಳು. ಅವತ್ತು ಬಸ್ಸಿಗೆ ಹೊತ್ತಾಯಿತು ಅನ್ನಲಿಲ್ಲ. ಸಂಜೆಯವರೆಗೂ ಇದ್ದಳು. ಅಪ್ಪ ಮಧ್ಯಾಹ್ನ ಊಟ ಮಾಡಲಿಲ್ಲ. ನನಗೆ ಧಾರೆ ಎರೆಯುತ್ತೀಯಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ನಾಲ್ಕು ದಿನ ಬಿಟ್ಟು ಅಮ್ಮ, ನಿಮ್ಮಪ್ಪ ಧಾರೆಗೆ ಪಂಚೆ ತರಿಸಿಕೊಂಡರು ಅಂತ ಅಂಗಡಿಗೆ ಫೋನ್ ಮಾಡಿ ಹೇಳಿದಾಗ, ಎದುರಿಗೆ ಕೂತಿದ್ದ ಗಿರಾಕಿಗೆ ಎರಡೂ ಕಣ್ಣಿನ ನಂಬರ್ ಅದಲುಬದಲು ಬರೆದಿದ್ದೆ.

ಮದುವೆಯ ದಿನವೂ ನನಗೆ ನಂಬಿಕೆ ಇರಲಿಲ್ಲ. ಬೆಳಿಗ್ಗೆಯಿಂದ ಅಪ್ಪ ಎಲ್ಲಿ ಅಂತ ಎಲ್ಲರನ್ನೂ ಕೇಳುತ್ತಿದ್ದೆ. ಅಡುಗೆಮನೆ ಕಡೆ ಹೋದ ಅಂತ ಯಾರೋ ಅಂದಾಗ ಹೂವಿನ ಹಾರದೊಳಗೇ ಬೆವರಿದೆ. ಪುರೋಹಿತರು ಕನ್ಯಾಪಿತೃಗಳು ಬನ್ನಿ ಅಂತ ಕರೆದರು. ಅಪ್ಪ ಬಂದ. ಗರಿಗರಿ ಪಂಚೆ ಅವನ ಮೈಯಿಂದ ದೂರ ನಿಂತಿತ್ತು. ಅಮ್ಮ ತನ್ನ ಸೆರಗನ್ನು ಅವನ ಶಲ್ಯದ ತುದಿಗೆ ಗಂಟು ಹಾಕಿಕೊಂಡಳು. ಕಳಶದ ಮೇಲಿನ ತೆಂಗಿನಕಾಯಿಯ ಮೇಲೆ ನನ್ನನ್ನು ಮದುವೆಯಾಗುವವರ ಕೈ, ಅದರ ಮೇಲೆ ನನ್ನ ಕೈ. ಅಪ್ಪ ತನ್ನ ಅಂಗೈಯನ್ನು ಒಂದು ಸಲ ನೋಡಿಕೊಂಡು ನಮ್ಮ ಕೈ ಹಿಡಿದ. ಅಮ್ಮ ನೀರು ಬಿಟ್ಟಳು, ಅವನು ಎರೆದ. ನನಗೆ ಬೇಕಾಗಿದ್ದದ್ದು ಆಯಿತು. ಆದರೆ ತಲೆ ಎತ್ತಿದರೆ ಅಪ್ಪನ ಕಣ್ಣು ನನ್ನ ಮೇಲಿಲ್ಲ. ಕೆಳಗೆ ಜನರ ನಡುವೆ ನಿಂತಿದ್ದ ಅಕ್ಕನನ್ನೇ ನೋಡುತ್ತಿತ್ತು. ಇಷ್ಟೆಲ್ಲ ಅಲೆದಾಡಿದವಳು ನಾನು, ಇವತ್ತಾದರೂ ನನ್ನನ್ನು ನೋಡಬಾರದಾ ಅಂತ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಆಮೇಲೆ ನೆಂಟರ ಸರದಿ. ಒಬ್ಬೊಬ್ಬರೇ ಬಂದು ನಮ್ಮ ಕೈಯ ಮೇಲೆ ಹಾಲು ಬಿಟ್ಟು ಅಕ್ಷತೆ ಹಾಕಿ ಹೋಗುತ್ತಿದ್ದರು. ಹಾಲಿನ ಚೊಂಬನ್ನು ಅಪ್ಪನೇ ತುಂಬಿ ತುಂಬಿ ಎಲ್ಲರ ಕೈಗೆ ಕೊಡುತ್ತಿದ್ದ. ಅಕ್ಕ, ಭಾವ ಬಂದರು. ಅಕ್ಕ ಚೊಂಬಿಗೆ ಕೈ ಚಾಚಿದಳು. ಅಪ್ಪ ಚೊಂಬು ಕೊಡಲಿಲ್ಲ. ಅವಳ ಚಾಚಿದ ಕೈ ಹಿಡಿದು ನಮ್ಮ ಕೈಯ ಮೇಲಿಟ್ಟ. ಭಾವನ ಕಡೆ ನೋಡಿದ. ಆ ಮನುಷ್ಯ ತನ್ನ ಕೈ ತಂದು ಅವಳ ಕೈಗೆ ಸೇರಿಸಿದರು. ಅಪ್ಪ ಅದರ ಮೇಲೆ ಹಾಲು ಎರೆದ. ಚೊಂಬು ಖಾಲಿಯಾಗುವವರೆಗೂ ನಿಧಾನವಾಗಿ ಎರೆದ. ಅದು ಅವಳ ಬಳೆಗಳ ಮೇಲಿಂದ ಇಳಿದು ನನ್ನ ಕೈಗೆ ಬಂತು.

ಮುದುಕರಿಗೆ ಗೊತ್ತಾಗದೆ ಚೆಲ್ಲಿದರು ಅಂದುಕೊಂಡು ಪುರೋಹಿತರು ಅಕ್ಕನಿಗೆ ಒರೆಸಿಕೊಳ್ಳಲು ಟವೆಲ್ ಚಾಚಿದರು. ಅಕ್ಕ ಕೈ ತೆಗೆಯಲಿಲ್ಲ.